ಅಜ್ಜಿಯ ಹೊಗೆಸೊಪ್ಪಿನ ಇಟಲಿ ಯಾತ್ರೆ

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದು ಏನಾದರೊಂದನ್ನು ಅಲ್ಲಿ ಬಿಟ್ಟು ಬರಬೇಕು ಎಂಬುದು ನಮ್ಮ ಕಡೆಯ ನೇಮ. ಬಿಟ್ಟ ಮೇಲೆ ಸಾಯುವ ತನಕ ಅದನ್ನು ಮುಟ್ಟುವ ಹಾಗಿಲ್ಲ. ನಾನು ಕಂಡ ಹಾಗೆ ಇಷ್ಟವಾದದ್ದನ್ನು ಬಿಟ್ಟ ಪುಣ್ಯಾತ್ಮ ಒಬ್ಬನೂ ಇಲ್ಲ. ನಮ್ಮ ದೊಡ್ಡಪ್ಪ ಹೋಗಿ ಹಾಗಲಕಾಯಿ ಬಿಟ್ಟು ಬಂದರು. ಅವರು ಹಾಗಲಕಾಯಿ ತಿಂದದ್ದನ್ನು ಕಟ್ಟಿಕೊಂಡ ಹೆಂಡತಿ ಕೂಡ ನೋಡಿರಲಿಲ್ಲ. ಆದರೂ ಊರಿಗೆಲ್ಲ ಊಟ ಹಾಕಿಸಿ, ಹಾರ ಹಾಕಿಸಿಕೊಂಡು, ತ್ಯಾಗಮೂರ್ತಿಯ ಮುಖ ಮಾಡಿಕೊಂಡು ಜಗಲಿಯ ಮೇಲೆ ಕೂತಿದ್ದರು. ನನಗೆ ಮೈಯೆಲ್ಲ ಉರಿದಿತ್ತು.

ಈ ನೇಮವನ್ನು ಇಟಲಿ ದೇಶದ ತನಕ ಎಳೆದವಳು ನನ್ನ ಅಜ್ಜಿ, ಅಪ್ಪನ ತಾಯಿ. ಇಟಲಿ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ತುಂಬ ದೂರ ಇದ್ದರೆ ಅವಳಿಗೆ ಸಾಕಾಗಿತ್ತು.

ನಮ್ಮದು ಶಿಡ್ಲಘಟ್ಟ ತಾಲ್ಲೂಕು, ಸಾದಲಿಯ ಹತ್ತಿರದ ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಸಾಕುವ ಮನೆಯಲ್ಲಿ ಹುಳುಗಳದ್ದೇ ದರ್ಬಾರು. ಮನುಷ್ಯರು ಅವು ಬಿಟ್ಟ ಜಾಗದಲ್ಲಿ ಮಲಗಬೇಕು. ಒಗ್ಗರಣೆ ಘಾಟು ಆಗದು, ಸೀಮೆಎಣ್ಣೆ ವಾಸನೆ ಆಗದು. ಎಲ್ಲಕ್ಕಿಂತ ಮುಖ್ಯವಾಗಿ ಹೊಗೆಸೊಪ್ಪು ಆಗಲೇ ಆಗದು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಹುಳುಗಳು ಹಸಿರು ವಾಂತಿ ಮಾಡಿಕೊಂಡು ಸಾಯುತ್ತವೆ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು.

ನಮ್ಮ ಅಜ್ಜಿ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದಳು. ತಾತ ತೀರಿಕೊಂಡ ಮೇಲೆ ಹಲ್ಲುನೋವಿಗೆಂದು ಶುರು ಮಾಡಿದ್ದಂತೆ. ಹಲ್ಲುಗಳು ಒಂದೊಂದಾಗಿ ಹೊರಟುಹೋದವು, ಹೊಗೆಸೊಪ್ಪು ಉಳಿಯಿತು. ಹುಳುವಿನ ಕೆಲಸದಲ್ಲಿ ಅವಳಂಥವಳು ಆ ಸುತ್ತಿನಲ್ಲಿ ಇರಲಿಲ್ಲ. ಹುಳು ಪೊರೆ ಬಿಡುವ ಮುಂಚೆ ತಲೆ ಎತ್ತಿ ಮಂಕಾಗಿ ನಿಲ್ಲುತ್ತದಲ್ಲ, ಅದನ್ನು ನಾವು ಜ್ವರ ಅನ್ನುತ್ತೇವೆ. ಅಜ್ಜಿ ತಟ್ಟೆಯನ್ನು ಒಂದು ಸಲ ನೋಡಿ ಇವಕ್ಕೆ ನಾಳೆ ಮಧ್ಯಾಹ್ನ ಜ್ವರ ಬರುತ್ತೆ ಅನ್ನುತ್ತಿದ್ದಳು, ಬರುತ್ತಿತ್ತು. ಆದರೆ ಒಂದು ಬೆಳೆ ನಾಲ್ಕನೇ ಜ್ವರ ಎದ್ದ ಮೇಲೆ ಪೂರ್ತಿ ಸತ್ತುಹೋಯಿತು. ತಪ್ಪು ಅಜ್ಜಿಯ ಕೈಯದೋ ಮಳೆಯದೋ ದೇವರಿಗೇ ಗೊತ್ತು. ಅಮ್ಮ ಮಾತ್ರ ಅವತ್ತು ಹುಳುಮನೆಯ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು.

"ಹೊಗೆಸೊಪ್ಪಿನ ಕೈ ಅತ್ತೆ. ಒಳಕ್ಕೆ ಬರಬ್ಯಾಡಿ, ಆಚೇನೇ ಇರಿ."

ಅತ್ತೆಗೆ ಎದುರು ಮಾತಾಡದ ಅಮ್ಮ ಹಾಗೆ ಹೇಳಿದ್ದು ನೋಡಿ ಅಪ್ಪನೂ ಬೆಪ್ಪಾದರು. ಅಜ್ಜಿ ಜಗಳ ಆಡಲಿಲ್ಲ. ಅಂದಿನಿಂದ ಹುಳುಮನೆಯ ಹಿಂದಿನ ಮಣ್ಣಿನ ಗೋಡೆಗೆ ಕಿವಿ ಕೊಟ್ಟು ಕೂರತೊಡಗಿದಳು. ಹುಳುಗಳು ಸೊಪ್ಪು ತಿನ್ನುವ ಸದ್ದು ಅಲ್ಲಿಗೆ ಕೇಳುತ್ತಿತ್ತು. "ಸೊಪ್ಪು ಸಾಲ್ದು ಕಣೇ, ಇನ್ನೊಂದು ಹಿಡಿ ಹಾಕು," ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದಳು. ಕೂಗುವಾಗಲೂ ದವಡೆಯಲ್ಲಿ ಹೊಗೆಸೊಪ್ಪು ಇರುತ್ತಿತ್ತು. ನನಗೆ ಅವಳನ್ನು ನೋಡಿದರೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಬಿಡಲು ಅವಳು ಪ್ರಯತ್ನ ಪಡಲಿಲ್ಲ ಎಂದಲ್ಲ. ಊರ ದೇವತೆಗೆ ಆಣೆ ಇಟ್ಟಳು, ಸಾದಲಿಯ ಜಾತ್ರೆಯಲ್ಲಿ ಆಣೆ ಇಟ್ಟಳು. ತಿರುಪತಿಗೇ ಹೋಗಿ ಆಣೆ ಇಟ್ಟು, ವಾಪಸು ಬರುವ ಬಸ್ಸು ಮದನಪಲ್ಲಿ ದಾಟುವ ಮೊದಲೇ ಬಾಯಿಗೆ ಹಾಕಿಕೊಂಡಳು.

"ಹತ್ತಿರದ ದೇವರ ಹತ್ರ ಸಲಿಗೆ ಜಾಸ್ತಿ ಕಣಮ್ಮ," ಎಂದು ನನಗೆ ವಿವರಿಸಿದಳು. "ತಪ್ಪಾಯ್ತು ಅಂದ್ರೆ ಹೋಗ್ಲಿ ಬಿಡು ಅಂತವೆ. ತಿಮ್ಮಪ್ಪಂಗಂತೂ ಪುರಸೊತ್ತೇ ಇಲ್ಲ. ನಂದು ನೆನಪಿರುತ್ತಾ ಅವನಿಗೆ?"

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದೆ. ನಮಗೆ ಚರಿತ್ರೆ ಪಾಠ ಹೇಳುತ್ತಿದ್ದವರು ಇಟಲಿಯಿಂದ ಬಂದಿದ್ದ ಒಬ್ಬ ಪಾದ್ರಿ. ಎಲ್ಲರೂ ಫಾದರ್ ಅನ್ನುತ್ತಿದ್ದೆವು. ಅವರ ಊರಿನಲ್ಲಿ ಕೆಲವು ನೂರು ವರ್ಷಗಳ ಹಿಂದೆ ಒಬ್ಬ ಸನ್ಯಾಸಿನಿ ಇದ್ದಳಂತೆ, ದೊಡ್ಡ ಅನುಭಾವಿ. ಹದಿನೇಳನೇ ವಯಸ್ಸಿಗೆ ಮಠದ ಕಂಬಿಯ ಹಿಂದೆ ಹೋದವಳು ಆಮೇಲೆ ಬದುಕಿರುವ ತನಕ ಈಚೆಗೆ ಬರಲಿಲ್ಲ. ಉಪ್ಪು ಬಿಟ್ಟಳು, ಹಾಸಿಗೆ ಬಿಟ್ಟಳು. ರಾತ್ರಿಯೆಲ್ಲ ದೇವರ ಜೊತೆ ಜಗಳ ಆಡುತ್ತಿದ್ದಳು. ಅವಳ ದೇಹ ಗಾಜಿನ ಪೆಟ್ಟಿಗೆಯಲ್ಲಿ ಕೆಡದೆ ಹಾಗೇ ಇದೆಯಂತೆ. ಅವಳು ಬದುಕಿದ ಜಾಗಗಳನ್ನು ಇಂಡಿಯಾದ ವಿದ್ಯಾರ್ಥಿಗಳು ಬಂದು ನೋಡಲಿ ಎಂದು ಫಾದರ್ ಊರಿನ ಜನ ಖರ್ಚು ಹೊರಲು ಒಪ್ಪಿದ್ದರು.

ಎಂಟು ಜನ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ತಾಲ್ಲೂಕಿಗೆ ಇಬ್ಬರಂತೆ. ಅನುಭಾವಕ್ಕೂ ತಾಲ್ಲೂಕಿಗೂ ಏನು ಸಂಬಂಧ ಎಂದು ಫಾದರ್ ಕೇಳಿದರಂತೆ. ಒಂದು ತಾಲ್ಲೂಕಿಗೆ ಮೂರು ಸೀಟು ಹೋದರೆ ಉಳಿದ ಮೂರು ತಾಲ್ಲೂಕಿನವರು ಕಾಲೇಜಿಗೆ ಕಲ್ಲು ಹೊಡೆಯುತ್ತಾರೆ ಎಂದು ಪ್ರಿನ್ಸಿಪಾಲರು ತಿಳಿಸಿ ಹೇಳಿದರು. ಹೀಗೆ ಶಿಡ್ಲಘಟ್ಟದ ಪಾಲಿಗೆ ಬಂದ ಎರಡರಲ್ಲಿ ಒಂದು ಸೀಟು ನನಗೆ ಸಿಕ್ಕಿತು. ಚಿಂತಾಮಣಿಯಿಂದಲೂ ಒಬ್ಬ ಹುಡುಗಿ ಇದ್ದಳು. ನಮ್ಮಿಬ್ಬರ ಕಾವಲಿಗೆ ಒಬ್ಬ ಸಿಸ್ಟರ್.

ಅಪ್ಪ ಆಗೋದೇ ಇಲ್ಲ ಎಂದರು. "ಮದುವೆ ಆಗೋ ಹುಡುಗಿ. ಸಮುದ್ರ ದಾಟಿ ಬಂದೋಳನ್ನ ಯಾರು ತಗಂತಾರೆ?"

ಅಜ್ಜಿ ಮಾತ್ರ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ವಿಚಾರಣೆ ಮಾಡಿದಳು.

"ಆಯಮ್ಮ ಉಪ್ಪು ಬಿಟ್ಟೋಳಾ?"

"ಹೂಂ ಅಜ್ಜಿ."

"ದೇವರ್ನೇ ಬಯ್ತಿದ್ಲಾ?"

"ಫಾದರ್ ಹಂಗಂತಾರೆ."

"ಹಡಗಲ್ಲಿ ಹೋಗ್ಬೇಕಾ? ನಡ್ಕಂಡು ಹೋಗಕ್ಕಾಗಲ್ವಾ?"

"ಆಗಲ್ಲ ಅಜ್ಜಿ."

"ಇವಳೇ ಸರಿ," ಎಂದಳು ಅಜ್ಜಿ. "ಹೆಂಗಸು, ಗಟ್ಟಿ ಹೆಂಗಸು, ಸಲಿಗೆ ಇಲ್ಲ. ವಾಪಸ್ ಕೊಡು ತಾಯಿ ಅಂತ ಕೇಳಕ್ಕೆ ನಾನು ಅಷ್ಟು ದೂರ ಹೋಗಕ್ಕೂ ಆಗಲ್ಲ. ನನ್ನ ಹೊಗೆಸೊಪ್ಪನ್ನ ತಗಂಡು ಹೋಗಿ ಆಯಮ್ಮನ ಮುಂದೆ ಬಿಟ್ಟು ಬಾ."

ಆಮೇಲೆ ನೇರ ಅಪ್ಪನ ಹತ್ತಿರ ಹೋಗಿ, "ಯಾತ್ರೆಗೆ ಅಡ್ಡ ಬಂದೋರ ಗತಿ ಏನಾಗುತ್ತೆ ಗೊತ್ತೇನೋ?" ಎಂದಳು. ಅಪ್ಪನಿಗೆ ಗೊತ್ತಿರಲಿಲ್ಲ. ಅಜ್ಜಿಗೂ ಗೊತ್ತಿರಲಿಲ್ಲ. ಆದರೆ ಅಪ್ಪ ಹೆದರಿ ಒಪ್ಪಿಬಿಟ್ಟರು.

ನಾವು ಆ ಮಠ ತಲಪುವ ದಿನ ನಮ್ಮ ಪಂಚಾಂಗದ ಪ್ರಕಾರ ಅಮಾವಾಸ್ಯೆ ಆಗಿತ್ತು. ಅಜ್ಜಿಗೆ ಇದು ಬಹಳ ಅನುಕೂಲವಾಯಿತು. ಅಮಾವಾಸ್ಯೆಯ ದಿನ ನಾನು ಅಲ್ಲಿ ಬಿಡುವುದು, ಅವಳು ಇಲ್ಲಿ ಬಿಡುವುದು. ಅಲ್ಲಿ ಬೆಳಗಾಗುವುದು ಇಲ್ಲಿಗಿಂತ ತಡ ಎಂದು ನಾನು ಓದಿದ ಜಾಣತನ ತೋರಿಸಿದೆ. "ಹಂಗಾ? ಸರಿ, ಅವತ್ತು ಬೆಳಗ್ಗೆ ಒಂದ್ಸಲ ಹಾಕ್ಕಂಡು ಆಮೇಲೆ ಬಿಡ್ತೀನಿ," ಎಂದಳು. ತನ್ನ ಕೆಂಪು ಬಟ್ಟೆಯ ಎಲೆಅಡಿಕೆ ಸಂಚಿಗೆ ಹೊಗೆಸೊಪ್ಪು ತುಂಬಿ, ದಾರ ಎಳೆದು ಕಟ್ಟಿ, ನನ್ನ ಕೈಗಿಟ್ಟಳು. "ಆಯಮ್ಮನಾದ್ರೂ ಹಿಡಿದು ನಿಲ್ಲಿಸಲಿ ಕಣಮ್ಮ ನನ್ನ. ಸಾಯೋದ್ರೊಳಗೆ ಒಂದು ಬೆಳೆನಾದ್ರೂ ನನ್ನ ಕೈಯಾರೆ ಗೂಡು ಕಟ್ಟಿಸಬೇಕು," ಎಂದಳು.

ಹಡಗಿನ ಕಥೆ ಹೇಳುವುದಿಲ್ಲ. ಎಂಟು ಜನವೂ ವಾಂತಿ ಮಾಡಿದೆವು, ತಾಲ್ಲೂಕಿನ ಭೇದವಿಲ್ಲದೆ. ಇಟಲಿಯ ಬಂದರಿನಲ್ಲಿ ಕಸ್ಟಮ್ಸಿನವನೊಬ್ಬ ನನ್ನ ಟ್ರಂಕು ತೆಗೆದು, ಚಟ್ನಿಪುಡಿ ಸರಿಸಿ, ಸಂಚಿಯನ್ನು ಮೂಗಿಗೆ ಹಿಡಿದ. ಸೀನಿದ. ಇನ್ನೊಬ್ಬನನ್ನು ಕರೆದ. ಅವನೂ ಸೀನಿದ. ಇದು ಒಬ್ಬ ಮುದುಕಿ ಸಂತಳಿಗೆ ಕಳಿಸಿರುವ ಕಾಣಿಕೆ ಎಂದು ಫಾದರ್ ಹೇಳಿದ್ದೇ ತಡ, ಇಬ್ಬರೂ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಸಂಚಿಯನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು. ಗೌರಿಬಿದನೂರಿನ ಹುಡುಗನ ಮಾವಿನಕಾಯಿ ಉಪ್ಪಿನಕಾಯಿಯನ್ನು ಮಾತ್ರ ಕಿತ್ತುಕೊಂಡರು. ಅವನು ಆ ಸಂತಳ ಮೇಲೆ ಅಲ್ಲಿಂದಲೇ ಮುನಿಸಿಕೊಂಡ.

ಹೇಳಿದ ದಿನಕ್ಕೆ ಸರಿಯಾಗಿ, ಅಮಾವಾಸ್ಯೆಯ ಬೆಳಗ್ಗೆ, ಗುಡ್ಡದ ಮೇಲಿನ ಆ ಮಠಕ್ಕೆ ಹೋದೆವು. ಫಾದರ್ ಮುಖದಲ್ಲಿ ಮದುಮಗನ ಕಳೆ. ಬಾಗಿಲು ತೆಗೆದರು. ಒಳಗೆ ಗಾಜಿನ ಪೆಟ್ಟಿಗೆ ಇಡುವ ಕಲ್ಲಿನ ಕಟ್ಟೆ ಇತ್ತು. ಅದರ ಮೇಲೆ ಏನೂ ಇರಲಿಲ್ಲ.

ವಿಷಯ ಏನೆಂದರೆ ತಾಯಿ ಊರಲ್ಲಿರಲಿಲ್ಲ. ಅದ್ಯಾವುದೋ ವಿಶೇಷವೆಂದು ಅವಳ ಪೆಟ್ಟಿಗೆಯನ್ನು ಲಾರಿಯಲ್ಲಿಟ್ಟು ಊರೂರಿಗೆ ಮೆರವಣಿಗೆ ಕಳಿಸಿದ್ದರು. ಬದುಕಿದ್ದಾಗ ಹೊಸ್ತಿಲು ದಾಟದವಳು ಸತ್ತ ಮೇಲೆ ಪ್ರವಾಸ ಹೊರಟಿದ್ದಳು. ನಾವು ಏಳು ಸಮುದ್ರ ದಾಟಿ ಬಂದಾಗ ಮನೆಯಲ್ಲಿಲ್ಲ! ಫಾದರ್ ಅಲ್ಲೇ ಒಂದು ಬೆಂಚಿನ ಮೇಲೆ ಕುಸಿದರು.

ನಮ್ಮವರಿಗೆ ಮಾತ್ರ ಇದು ತಟ್ಟನೆ ಅರ್ಥವಾಯಿತು. "ಉತ್ಸವಮೂರ್ತಿ ಊರ ಮೇಲೆ ಹೋಗಿದೆ," ಎಂದ ಗೌರಿಬಿದನೂರಿನವನು. "ಮೂಲಮೂರ್ತಿ ಎಲ್ಲಿ ಅಂತ ಕೇಳಿ ಫಾದರ್." ಮೂಲ, ಉತ್ಸವ ಎಂದು ಎರಡಿಲ್ಲ, ಇರುವುದು ಒಬ್ಬಳೇ ಎಂದು ಫಾದರ್ ದುಃಖದಿಂದ ಹೇಳಿದರು. ಒಂದೇ ಮೂರ್ತಿ ಇಟ್ಟುಕೊಂಡು ಮೆರವಣಿಗೆಗೂ ಕಳಿಸುವ ಈ ಏರ್ಪಾಟು ನಮ್ಮಲ್ಲಿ ಯಾರಿಗೂ ಸರಿಬೀಳಲಿಲ್ಲ.

ಅಜ್ಜಿಯ ಹೊಗೆಸೊಪ್ಪಿನ ಕಥೆ ಹಡಗಿನಲ್ಲೇ ಎಲ್ಲರಿಗೂ ಗೊತ್ತಾಗಿ, ಎಲ್ಲರೂ ಏನಾದರೂ ಬಿಡುವುದೆಂದು ಆಗಲೇ ತೀರ್ಮಾನವಾಗಿತ್ತು. ಬಂದದ್ದಂತೂ ಬಂದೆವು ಎಂದು ಖಾಲಿ ಕಟ್ಟೆಯ ಮುಂದೆಯೇ ಸಾಲಾಗಿ ನಿಂತು ಬಿಡತೊಡಗಿದರು. ಚಿಂತಾಮಣಿಯವಳು ಹರಳೆಣ್ಣೆ ಬಿಟ್ಟಳು. ಅವರಮ್ಮ ಅವಳ ಮೂಗು ಹಿಡಿದು ಕುಡಿಸುತ್ತಿದ್ದರಂತೆ. ಗೌರಿಬಿದನೂರಿನವನು ಕಣ್ಣು ಮುಚ್ಚಿ, ಗಂಭೀರವಾಗಿ ಯೋಚಿಸಿ, ಟೊಮೆಟೊ ಬಿಟ್ಟ. ಆಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಟೊಮೆಟೊ ಒಳಗೆ ಬರುತ್ತಿರಲಿಲ್ಲ. ಬಿಟ್ಟರೆ ನಷ್ಟವಿಲ್ಲ ಎಂದು ಅವನ ಲೆಕ್ಕ. ಕಂಬಿಯ ಹಿಂದಿದ್ದ ಸನ್ಯಾಸಿನಿಯರಿಗೆ ಫಾದರ್ ಇದನ್ನೆಲ್ಲ ತಮ್ಮ ಭಾಷೆಯಲ್ಲಿ ಹೇಳಿದಾಗ ಒಳಗಿನಿಂದ ಅಳುವ ಸದ್ದು ಬಂತು. ಇಂಥ ತ್ಯಾಗವನ್ನು ಅವರು ಕಂಡಿರಲಿಲ್ಲವಂತೆ.

ನಾನು ಬಿಡಲಿಲ್ಲ.

"ಬಿಡಮ್ಮಾ, ಇಲ್ಲೇ ಇಡು," ಎಂದರು ಫಾದರ್. "ಆಕೆ ಎಲ್ಲ ಕಡೆಯೂ ಇದ್ದಾಳೆ."

"ಎಲ್ಲ ಕಡೆ ಇದ್ದಿದ್ರೆ ಸಾದಲೀಲೂ ಇರ್ತಿದ್ಲು ಫಾದರ್. ನಾನು ಹಡಗಲ್ಲಿ ಯಾಕೆ ಬರಬೇಕಿತ್ತು?" ಎಂದೆ. ನನಗೆ ತುಂಬ ಕೋಪ ಬಂದಿತ್ತು. ಇವರೆಲ್ಲ ಹರಳೆಣ್ಣೆ, ಟೊಮೆಟೊ ಬಿಟ್ಟು ಆಟ ಆಡುತ್ತಿದ್ದಾರೆ. ಅಲ್ಲಿ ನನ್ನ ಅಜ್ಜಿ ಅವತ್ತು ನಿಜವಾಗಿಯೂ ಬಿಟ್ಟು ಕೂತಿದ್ದಾಳೆ. ದವಡೆ ಖಾಲಿ. ಗಟ್ಟಿ ಹೆಂಗಸೊಬ್ಬಳು ತನ್ನನ್ನು ಹಿಡಿದುಕೊಂಡಿದ್ದಾಳೆ ಎಂದು ನಂಬಿ ಕೂತಿದ್ದಾಳೆ, ಈ ಹೆಂಗಸು ನೋಡಿದರೆ ಲಾರಿ ಹತ್ತಿ ತಿರುಗುತ್ತಿದ್ದಾಳೆ.

ಮಠದ ಗೋಡೆಯಲ್ಲಿ ತಿರುಗುವ ಒಂದು ಮರದ ಗೂಡು ಇತ್ತು. ಈಚೆಯಿಂದ ವಸ್ತು ಇಟ್ಟು ತಿರುಗಿಸಿದರೆ ಮುಖ ಕಾಣದ ಹಾಗೆ ಒಳಗಿನವರು ತೆಗೆದುಕೊಳ್ಳಬಹುದು. ಕೊನೆಗೆ ಫಾದರ್ ಮಾತಿಗೆ ಸಂಚಿಯನ್ನು ಅದರಲ್ಲಿಟ್ಟು, ತಾಯಿ ಬಂದ ಮೇಲೆ ಕೊಡಿ ಎಂದು ಹೇಳಿಸಿದೆ. ಗೂಡು ತಿರುಗಿತು. ಒಳಗೆ ಸೀನು. ಸ್ವಲ್ಪ ಹೊತ್ತು ಗುಸುಗುಸು. ಗೂಡು ವಾಪಸು ತಿರುಗಿದಾಗ ಸಂಚಿ ಹಾಗೇ ಇತ್ತು, ಪಕ್ಕದಲ್ಲಿ ಒಂದು ಬನ್ನು. ಆಕೆಗೆ ಕೊಟ್ಟದ್ದನ್ನು ಆಕೆ ಇಲ್ಲದಾಗ ತಾವು ಇಸಿದುಕೊಳ್ಳುವುದು ಸರಿಯಲ್ಲ ಎಂದರಂತೆ. ಈ ಮಾತಿಗೆ ನಾನು ಬೇಜಾರು ಮಾಡಿಕೊಳ್ಳಲಿಲ್ಲ. ನಮ್ಮಮ್ಮನೂ ಅಷ್ಟೇ, ಯಜಮಾನರಿಲ್ಲದಾಗ ಯಾರ ವಸ್ತುವನ್ನೂ ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಬನ್ನು ತಿಂದೆ.

ಆಮೇಲೆ ನಾವು ಆ ತಾಯಿಯನ್ನು ಹುಡುಕಿಕೊಂಡು ಬಸ್ಸಿನಲ್ಲಿ ಊರೂರು ತಿರುಗಿದೆವು. ಯಾವ ಊರಿಗೆ ಹೋದರೂ ನಿನ್ನೆಯಷ್ಟೇ ಹೋದಳು ಅನ್ನುತ್ತಿದ್ದರು. ಬೀದಿಯ ತುಂಬ ಬಾಡಿದ ಹೂವು, ಚಪ್ಪರ ಬಿಚ್ಚುತ್ತಿರುವ ಜನ. ಸಂತಳನ್ನು ನೋಡಲು ಇಂಡಿಯಾದಿಂದ ಅಟ್ಟಿಸಿಕೊಂಡು ಬಂದ ಭಕ್ತರು ಎಂದು ನಮ್ಮ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡು ಊಟಕ್ಕೆ ಕೂರಿಸುತ್ತಿದ್ದರು. ಊಟವೆಂದರೆ ಎಲ್ಲದರ ಮೇಲೂ ಟೊಮೆಟೊ. ಸಾರಿಗೆ ಟೊಮೆಟೊ, ಶಾವಿಗೆಗೆ ಟೊಮೆಟೊ, ಬ್ರೆಡ್ಡಿಗೂ ಟೊಮೆಟೊ ಉಜ್ಜಿ ಕೊಡುತ್ತಿದ್ದರು. ಗೌರಿಬಿದನೂರಿನವನು ಬರೀ ಒಣ ಬ್ರೆಡ್ಡು ಕಡಿಯುತ್ತ ಸಣ್ಣಗಾದ. "ಖಾಲಿ ಕಟ್ಟೆ ಮುಂದೆ ಬಿಟ್ಟಿದ್ದು ಲೆಕ್ಕಕ್ಕಿಲ್ಲ ಕಣೋ, ತಿನ್ನು," ಎಂದು ನಾವೆಲ್ಲ ಹೇಳಿದೆವು. "ಗೌರಿಬಿದನೂರಿನೋರು ಮಾತಿಗೆ ತಪ್ಪಲ್ಲ," ಎಂದ. ಚಿಂತಾಮಣಿಯವರ ಎದುರಿಗೆ ಅವನು ಹಾಗೆ ಹೇಳದೆ ವಿಧಿಯಿರಲಿಲ್ಲ.

ಅಜ್ಜಿಗೆ ತಂತಿ ಕೊಡೋಣ ಎಂದು ಫಾದರ್ ಒಂದು ದಿನ ಸೂಚಿಸಿದರು. ನಾನು ಬೆಚ್ಚಿಬಿದ್ದೆ. ನಮ್ಮೂರಿಗೆ ತಂತಿ ಬಂತೆಂದರೆ ಯಾರೋ ಸತ್ತರು ಎಂದೇ ಅರ್ಥ. ಒಡೆದು ಓದುವ ಮೊದಲೇ ಊರೆಲ್ಲ ಸೇರಿ ನನ್ನ ಹೆಸರು ಹಿಡಿದು ಅತ್ತುಬಿಡುತ್ತಿದ್ದರು. ಓದಿಸಿದ ಮೇಲಾದರೂ ಏನಿರುತ್ತದೆ ಅದರಲ್ಲಿ? ತಾಯಿ ಊರಲ್ಲಿಲ್ಲ, ಹೊಗೆಸೊಪ್ಪು ಹಾಕಿಕೋ ಎಂದೇ? ಬೇಡ ಎಂದೆ.

ಕಡೆಗೂ ಅವಳನ್ನು ನೋಡಿದೆವು. ಎಲ್ಲಿ ಅಂದರೆ, ವಾಪಸು ಹೊರಟ ಹಡಗಿನ ಮೇಲಿನಿಂದ. ಹಡಗು ಆಗಷ್ಟೇ ದಡ ಬಿಟ್ಟಿತ್ತು. ವಾಲಗದ ಸದ್ದು ಕೇಳಿಸಿತು. ನೋಡಿದರೆ ಬಂದರಿನ ಕಟ್ಟೆಯ ಮೇಲೆ ಮೆರವಣಿಗೆ! ಹೂವಿನ ಲಾರಿ, ಅದರ ಮೇಲೆ ಗಾಜಿನ ಪೆಟ್ಟಿಗೆ, ಒಳಗೆ ಪುಟ್ಟದಾಗಿ ಕಪ್ಪು ಬಟ್ಟೆ ಹೊದ್ದು ಮಲಗಿದ್ದ ತಾಯಿ. ಎಂಟು ಜನವೂ ಕಂಬಿಗೆ ಬಿದ್ದು ಕೂಗಿಕೊಂಡೆವು. ಫಾದರ್ ಮಂಡಿಯೂರಿ ಅತ್ತರು. ನಾನು ಸಂಚಿಯನ್ನು ಮೇಲಕ್ಕೆತ್ತಿ ಹಿಡಿದೆ.

"ಎಯ್ಯವೇ, ಎಯ್ಯಿ! ಎಸಿಯೇ!" ಎಂದು ಚಿಂತಾಮಣಿಯವಳು ತೆಲುಗು ಕನ್ನಡ ಎರಡರಲ್ಲೂ ಕಿರುಚಿದಳು.

ನಡುವೆ ನೀರು ಅಗಲವಾಗುತ್ತಿತ್ತು. ನನಗೆ ಗುರಿ ಇಲ್ಲ. ಚಿಕ್ಕಂದಿನಲ್ಲಿ ಹುಣಸೆಕಾಯಿಗೆ ಹೊಡೆದ ಕಲ್ಲು ಪಕ್ಕದ ಮನೆ ಹೆಂಚಿಗೆ ಬೀಳುತ್ತಿತ್ತು. ಸಮುದ್ರಕ್ಕೆ ಬಿದ್ದರೆ ಯಾರಿಗೂ ಬಿಟ್ಟ ಹಾಗಾಗುವುದಿಲ್ಲ. ವಾಲಗದವನ ತಲೆಯ ಮೇಲೆ ಬಿದ್ದರೆ ನಮ್ಮಜ್ಜಿಯ ಆಣೆ ಅವನ ತಲೆಗೆ. ಕೈ ಇಳಿಸಿಬಿಟ್ಟೆ. ಸಂಚಿ ನನ್ನ ಹತ್ತಿರವೇ ಉಳಿಯಿತು.

ದಾರಿಯುದ್ದಕ್ಕೂ ಸುಳ್ಳು ಹೊಂದಿಸಿಕೊಂಡೆ. ಬಿಟ್ಟೆ ಅಜ್ಜಿ, ಪಾದದ ಹತ್ತಿರವೇ ಬಿಟ್ಟೆ, ತಾಯಿ ನಕ್ಕ ಹಾಗಾಯಿತು. ಸಂಚಿಯನ್ನು ಮಧ್ಯ ಸಮುದ್ರದಲ್ಲಿ ಎಸೆದುಬಿಡೋಣ ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಅದು ಅವಳ ಸಂಚಿ. ಅವಳ ವಾಸನೆ ಇತ್ತು ಅದರಲ್ಲಿ. ಎಸೆಯಲು ಮನಸ್ಸು ಬರಲಿಲ್ಲ.

ಊರಿಗೆ ಬಂದಾಗ ಹಿಂದಿನ ಗೋಡೆಯ ಹತ್ತಿರ ಅಜ್ಜಿ ಇರಲಿಲ್ಲ. ಬ್ಯಾಗು ಹೆಗಲಲ್ಲಿ ಇದ್ದ ಹಾಗೇ ಮುಂದಕ್ಕೆ ಓಡಿದೆ. ಹುಳುಮನೆಯ ಬಾಗಿಲು ತೆರೆದಿತ್ತು. ಒಳಗೆ ತಟ್ಟೆಗಳ ನಡುವೆ ಅಜ್ಜಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊಪ್ಪು ಹಾಕುತ್ತಿದ್ದಳು. ಅಮ್ಮ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಹುಳುಗಳು ದಪ್ಪಗೆ, ಬೆಳ್ಳಗೆ, ಎರಡು ಮೂರು ದಿನದಲ್ಲಿ ಗೂಡು ಕಟ್ಟುವ ಹಾಗಿದ್ದವು.

ಅಜ್ಜಿ ಬಾಗಿಲಿಗೆ ಬಂದಳು. "ಬಿಟ್ಟು ಬಂದ್ಯಾ ಕಣಮ್ಮ?"

"ಬಿಟ್ಟೆ ಅಜ್ಜಿ, ಪಾದದ..."

ಅವಳ ಮೂಗಿನ ಹೊಳ್ಳೆ ಅರಳಿತು. ಎಷ್ಟೋ ವರ್ಷ ಅದರ ಜೊತೆ ಬದುಕಿದವಳಲ್ಲವೇ. "ನಿನ್ನ ಬ್ಯಾಗಲ್ಲಿ ಐತೆ," ಎಂದಳು.

ನಾನು ಅಳುತ್ತ ಎಲ್ಲವನ್ನೂ ಒದರಿಬಿಟ್ಟೆ. ಖಾಲಿ ಕಟ್ಟೆ, ಲಾರಿ, ಬನ್ನು, ಬಂದರು, ಎಲ್ಲ. ಅಜ್ಜಿ ಕೇಳುತ್ತ ಹೊಸ್ತಿಲ ಮೇಲೆ ಕೂತಳು. ಕೈಯಲ್ಲಿ ಇನ್ನೂ ಒಂದು ಹಿಡಿ ಸೊಪ್ಪು ಇತ್ತು.

"ಹಂಗಾದ್ರೆ ಅಮಾಸೆಯಿಂದ ಇಲ್ಲೀಗಂಟ ನನ್ನ ಯಾರು ಹಿಡ್ಕಂಡಿದ್ದು?"

"ಯಾರೂ ಇಲ್ಲ ಅಜ್ಜಿ."

"ಯಾರೂ ಇಲ್ವಾ?"

"ಯಾರೂ ಇಲ್ಲ."

ಅವಳು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬೆರಳ ತುದಿಯ ಕಂದು ಬಣ್ಣ ಹೋಗಿ ಸೊಪ್ಪಿನ ಹಸಿರು ಹತ್ತಿತ್ತು. "ಊರೂರು ಸುತ್ತೋ ಮುಂಡೆ," ಎಂದು ಆ ಮಹಾತಾಯಿಯನ್ನು ಒಂದು ಸಲ ಬಾಯ್ತುಂಬ ಬಯ್ದಳು. ಆಮೇಲೆ ಬೊಚ್ಚು ಬಾಯಿ ಬಿಟ್ಟು ಜೋರಾಗಿ ನಕ್ಕಳು. ಒಳಗೆ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ನಾನು ಮೂಗು ಒರೆಸಿಕೊಂಡು, ಹುಳು ನೋಡೋಣವೆಂದು ಹೊಸ್ತಿಲ ಕಡೆ ಒಂದು ಹೆಜ್ಜೆ ಇಟ್ಟೆ. ಅಜ್ಜಿ ದಡಕ್ಕನೆ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಹೊಗೆಸೊಪ್ಪಿನ ಕೈ ಕಣೇ! ಒಳಕ್ಕೆ ಬರಬ್ಯಾಡ, ಆಚೇನೇ ಇರು."

ಹೋಗಿ ಹಿಂದಿನ ಗೋಡೆಯ ಹತ್ತಿರ ಅವಳು ಕೂರುತ್ತಿದ್ದ ಜಾಗದಲ್ಲಿ ಕೂತು ಕಿವಿ ಕೊಟ್ಟೆ. ಅಜ್ಜಿ ಸೊಪ್ಪು ಸಾಕಷ್ಟು ಹಾಕಿದ್ದಳು.